ಕಾಬರಿಗೆ ಕೊಟ್ಟ ಇಡ್ಲಿ

ಉತ್ತರಾಯಣದ ದಿನ, ಅಂದರೆ ನಮ್ಮ ಸಂಕ್ರಾಂತಿಗೆ, ಅಹಮದಾಬಾದಿನಲ್ಲಿ ಬುದ್ಧಿ ನೆಟ್ಟಗಿರುವವರೆಲ್ಲ ತಾರಸಿ ಹತ್ತಿರುತ್ತಾರೆ. ಗಾಳಿಪಟ, ಚಿಕ್ಕಿ, ಉಂಧಿಯು ಪಲ್ಯ, ಕಿವಿ ಹರಿದುಹೋಗುವಷ್ಟು ಜೋರಾಗಿ ಹಾಡು. ಡಾಕ್ಟರ್ ಸಂಧ್ಯಾ ಒಬ್ಬಳು ಮಾತ್ರ ಚಾಂದ್‌ಖೇಡಾದಿಂದ ಆಚೆ, ಒಂದು ಪಾಂಜ್ರಾಪೋಳದ ಗೇಟಿಗೆ ಬೆನ್ನು ಕೊಟ್ಟು ನಿಂತು, ಬೆಳಗಾದಾಗಿನಿಂದ ಬಂದಬಂದವರ ಜೊತೆ ಜಗಳವಾಡುತ್ತಿದ್ದಳು. ಹಾಲು ಬತ್ತಿದ, ಕುಂಟಾದ, ಯಾರಿಗೂ ಬೇಡವಾದ ಹಸುಗಳನ್ನು ಸಾಯುವ ತನಕ ಸಾಕುವ ಧರ್ಮದ ಜಾಗ ಅದು. ಹಬ್ಬದ ದಿನ ಜನ ಅಲ್ಲಿಗೆ ಪುಣ್ಯ ಕಟ್ಟಿಕೊಳ್ಳಲು ಬರುತ್ತಾರೆ. ಬರಲಿ, ಬೇಡ ಅಂದವರು ಯಾರು? ಆದರೆ ಬರಿಗೈಯಲ್ಲಿ ಬರುತ್ತಾರೆಯೇ! ಒಂದೊಂದು ಸ್ಕೂಟರಿನಲ್ಲೂ ಒಂದೊಂದು ಕ್ಯಾನು, ಕ್ಯಾನಿನ ತುಂಬ ಘೂಘ್ರಿ. ಗೋಧಿ, ಜೋಳ ಬೇಯಿಸಿ ಬೆಲ್ಲ ಬೆರೆಸಿದ್ದು.

"ಬೆನ್, ವರ್ಷಕ್ಕೊಂದು ದಿನ. ಒಂದೇ ಒಂದು ಬೊಗಸೆ," ಎಂದು ಬಿಳಿ ಕುರ್ತಾದ ಗೃಹಸ್ಥನೊಬ್ಬ ಅವಳನ್ನು ಅಕ್ಕ ಎಂದು ಕರೆದು ಗುಜರಾತಿಯಲ್ಲಿ ಗೋಗರೆದ.

"ನಿಮ್ಮದೊಂದು ಬೊಗಸೆ. ನಿಮ್ಮ ಹಿಂದೆ ನಿಂತವರದ್ದು ಒಂದೊಂದು ಬೊಗಸೆ. ತಿನ್ನುವ ಹೊಟ್ಟೆ ಒಂದೇ ಅಲ್ಲವಾ ಭಾಯಿ? ಅಲ್ಲಿ ಹಸಿ ಹುಲ್ಲು ಮಾರುತ್ತಿದ್ದಾರೆ, ಅದನ್ನು ಕೊಡಿ."

"ಹುಲ್ಲು ದಿನಾ ತಿನ್ನುತ್ತವೆ. ಹಬ್ಬದ ದಿನವೂ ಹುಲ್ಲೇ ಅಂದರೆ ಅವಕ್ಕೆ ಬೇಜಾರಾಗುವುದಿಲ್ಲವಾ?"

ಇದಕ್ಕೆ ಏನು ಉತ್ತರ ಕೊಡುತ್ತೀರಿ ನೀವೇ ಹೇಳಿ. ಪಶುವೈದ್ಯದಲ್ಲಿ ಡಾಕ್ಟರೇಟು ಮಾಡಿದವಳು ಅವಳು. ಹಸುವಿಗೆ ಹುಲ್ಲು ಬೇಜಾರಾಗುತ್ತದೆಯೇ ಎಂಬ ಪ್ರಶ್ನೆಗೆ ಯಾವ ಪುಸ್ತಕದಲ್ಲೂ ಉತ್ತರ ಇರಲಿಲ್ಲ. ಸಂಧ್ಯಾ ಹಲ್ಲು ಕಚ್ಚಿಕೊಂಡು ಹುಲ್ಲಿನ ಗಾಡಿಯ ಕಡೆ ಕೈ ತೋರಿಸಿದಳು. ಗೃಹಸ್ಥ ಅವಳನ್ನು ನಾಸ್ತಿಕಳನ್ನು ನೋಡುವಂತೆ ನೋಡಿ ಹೋದ.

ವಿಷಯ ಇಷ್ಟೆ. ಹಸುವಿನ ದೊಡ್ಡ ಹೊಟ್ಟೆ ಇರುವುದು ಹುಲ್ಲಿಗೆ. ಅದರೊಳಗೆ ಒಮ್ಮೆಲೇ ಬೇಯಿಸಿದ ಕಾಳು ಬಿದ್ದರೆ ಎಲ್ಲ ಹುಳಿಯೇಳುತ್ತದೆ. ಆ ಹುಳಿ ರಕ್ತಕ್ಕಿಳಿಯುತ್ತದೆ. ಹಸು ಮೊದಲು ಮಂಕಾಗುತ್ತದೆ, ಆಮೇಲೆ ತೂರಾಡುತ್ತದೆ, ಆಮೇಲೆ ಬೀಳುತ್ತದೆ. ಬಿದ್ದದ್ದು ಏಳುವುದು ಕಷ್ಟ. ಹೋದ ಉತ್ತರಾಯಣ ಮುಗಿದ ವಾರದಲ್ಲಿ ಇದೇ ಅಂಗಳದಲ್ಲಿ ಏಳು ಹಸು ಹೀಗೆ ಬಿದ್ದು ಸತ್ತಿದ್ದವು. ಚಳಿಗೆ ಸತ್ತವು ಎಂದರು ಜನ. ಯಾರದೋ ಕಣ್ಣು ತಾಗಿತು ಎಂದರು. ಪ್ಲಾಸ್ಟಿಕ್ ತಿಂದಿದ್ದವು ಎಂದರು. ತಾವು ತಿನ್ನಿಸಿದ್ದರಿಂದ ಎಂದು ಮಾತ್ರ ಒಬ್ಬನೂ ಅನ್ನಲಿಲ್ಲ.

ಸಂಧ್ಯಾಳ ಸಂಶೋಧನೆ ಇದರ ಮೇಲೆಯೇ. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪದ ಒಂದು ಯಂತ್ರವನ್ನು ಗುಳಿಗೆಯ ಹಾಗೆ ಹಸುವಿಗೆ ನುಂಗಿಸಿದರೆ ಅದು ಹೊಟ್ಟೆಯಲ್ಲೇ ಕೂತು, ಒಳಗೆ ಹುಳಿ ಎಷ್ಟೇರಿತು ಎಂದು ಅವಳ ಫೋನಿಗೆ ಹೇಳುತ್ತಿರುತ್ತದೆ. ಹುಳಿ ಏರಿದಷ್ಟೂ ಫೋನಿನ ಮೇಲಿನ ಗೆರೆ ಇಳಿಯುತ್ತದೆ. ಸೂರತ್, ವಡೋದರಾ, ಅಹಮದಾಬಾದು, ಮೂರೂ ಕಡೆಯ ಪಾಂಜ್ರಾಪೋಳಗಳಲ್ಲಿ ಹಸುಗಳಿಗೆ ಯಂತ್ರ ನುಂಗಿಸಿದ್ದಾಯಿತು. ಹಬ್ಬ ಬಂದಾಗಲೆಲ್ಲ ಫೋನಿನ ಗೆರೆ ಕುಸಿಯುವುದನ್ನು ಬರೆದಿಟ್ಟದ್ದೂ ಆಯಿತು. ಇನ್ನು ಕಾಳು ನಿಲ್ಲಿಸಿದರೆ ಸಾವೂ ನಿಲ್ಲುತ್ತದೆ ಎಂದು ತೋರಿಸುವುದೊಂದೇ ಬಾಕಿ. ಸೂರತ್ತಿನ ಟ್ರಸ್ಟಿನವರು ಚಹಾ ಕೊಟ್ಟು ಕಳಿಸಿದರು. ವಡೋದರಾದವರು ಚಹಾದ ಜೊತೆ ಢೋಕ್ಲಾವನ್ನೂ ಕೊಟ್ಟು ಕಳಿಸಿದರು. ಅಹಮದಾಬಾದಿನ ಟ್ರಸ್ಟಿನ ಮುಖ್ಯಸ್ಥ ರಸಿಕ್‌ಭಾಯ್ ಶೇಠರು ಮಾತ್ರ, ಆ ಏಳು ಹಸುಗಳನ್ನು ಕಣ್ಣಾರೆ ನೋಡಿದ್ದವರು, ಒಂದು ಷರತ್ತಿನ ಮೇಲೆ ಒಪ್ಪಿದ್ದರು.

"ಈ ಉತ್ತರಾಯಣ, ಮರುದಿನದ ವಾಸಿ ಉತ್ತರಾಯಣ, ಎರಡು ದಿನ ನಿಮ್ಮ ಮಾತಿನಂತೆ. ಒಂದು ಹಸುವೂ ಹೀಗೆ ಸಾಯದಿದ್ದರೆ ಇದೇ ಕಾಯಂ ನಿಯಮ. ಸೂರತ್ತಿಗೂ ವಡೋದರಾಕ್ಕೂ ನಾನೇ ಫೋನ್ ಮಾಡಿ ಹೇಳುತ್ತೇನೆ. ಒಂದು ಸತ್ತರೂ ಗೇಟು ಮೊದಲಿನ ಹಾಗೆ ತೆರೆದುಬಿಡುತ್ತೇನೆ ಬೆನ್. ಕಾಣಿಕೆ ಕೊಡುವವರ ಮುಖ ನಾನು ನೋಡಬೇಕಲ್ಲ."

ಅದಕ್ಕೇ ಈ ಜಗಳ, ಈ ಗಂಟಲು ನೋವು, ಈ ಎಲ್ಲ ಅವಸ್ಥೆ.

ಮಧ್ಯಾಹ್ನದ ಹೊತ್ತಿಗೆ ಫೋನು ಒಮ್ಮೆ ಕೂಗಿತು. ಅವಳು ತೆಗೆದು ನೋಡಿದಳು. ಎಲ್ಲ ಹಸುಗಳ ಗೆರೆಯೂ ನೇರವಾಗಿತ್ತು, ಒಂದನ್ನು ಬಿಟ್ಟು. ಕಾಬರಿಯ ಗೆರೆ ಬಾವಿಗೆ ಕೊಡ ಬಿಟ್ಟಂತೆ ಇಳಿದಿತ್ತು. ಕಪ್ಪು ಬಿಳಿ ಮಚ್ಚೆಯ, ಒಂದು ಕೊಂಬು ಮುರಿದ ಕಾಬರಿ, ಇಡೀ ಹಿಂಡಿಗೆ ಯಜಮಾನಿ. ಯಂತ್ರ ಕೆಟ್ಟಿರಬೇಕು ಎಂದುಕೊಂಡಳು ಸಂಧ್ಯಾ. ಕೆಟ್ಟಿರಲಿ ದೇವರೇ ಎಂದೂ ಬೇಡಿಕೊಂಡಳು. ಗೇಟನ್ನು ಸಹಾಯಕರಿಗೆ ಒಪ್ಪಿಸಿ ಹಿಂದಿನ ಕೊಟ್ಟಿಗೆಗೆ ಓಡಿದಳು.

ಅಲ್ಲಿ ಬೇವಿನ ಮರದ ಕೆಳಗೆ, ಹಿಂಬಾಗಿಲ ಕಾವಲುಗಾರ ವಾಘಜೀಯ ಪಕ್ಕದಲ್ಲಿ, ತಟ್ಟೆಗೆ ಚಹಾ ಬಗ್ಗಿಸಿಕೊಂಡು ಆರಾಮವಾಗಿ ಕುಡಿಯುತ್ತಿದ್ದವರು ಯಾರು? ಅವಳ ಅಪ್ಪ. ನವರಂಗಪುರದಲ್ಲಿ ಮೂವತ್ತೈದು ವರ್ಷಗಳಿಂದ ಉಡುಪಿ ಹೋಟೆಲು ನಡೆಸುತ್ತಿರುವ ದಾಮೋದರ ರಾಯರು.

"ಬಂದಿಯಾ ಮಗಾ? ಊಟಕ್ಕೆ ಕರ್ಕೊಂಡು ಹೋಗುವ ಅಂತ ಕೂತಿದ್ದೆ. ಎಂತ ಬೆವರು ಇದು! ನೀರಾದ್ರೂ ಕುಡಿ."

"ಪಪ್ಪ, ನೀವು ಯಾವಾಗ ಬಂದ್ರಿ?"

"ಬೆಳಿಗ್ಗೆಯೇ ಬಂದೆ. ನೀನು ಮುಂದಿನ ಗೇಟಲ್ಲಿ ಯಾರದ್ದೋ ಜೊತೆ ಲಡಾಯಿ ಮಾಡ್ತಾ ಇದ್ದೆ. ನಿಂಗ್ಯಾಕೆ ತೊಂದರೆ ಅಂತ ಹಿಂದಿನಿಂದ ಬಂದೆ."

ಸಂಧ್ಯಾ ಸುತ್ತ ನೋಡಿದಳು. ಪಕ್ಕದಲ್ಲಿ ಅಪ್ಪನ ಕಾರು. ಡಿಕ್ಕಿ ತೆರೆದಿತ್ತು. ಒಳಗೆ ಹೋಟೆಲಿನ ಎರಡು ದೊಡ್ಡ ಸ್ಟೀಲು ಪಾತ್ರೆ, ತೊಳೆದಿಟ್ಟಷ್ಟು ಖಾಲಿ.

"ಇದ್ರಲ್ಲಿ ಎಂತ ಇತ್ತು?"

"ಗೋಗ್ರಾಸ," ಎಂದರು ರಾಯರು, ಇದೂ ಒಂದು ಕೇಳುವ ಪ್ರಶ್ನೆಯೇ ಎಂಬಂತೆ.

ಗೋಗ್ರಾಸ ಅವಳಿಗೆ ಹೊಸದಲ್ಲ. ಮನೆಯವರು ಉಣ್ಣುವ ಮೊದಲು ಹಸುವಿನ ಪಾಲು ಎತ್ತಿಡುವುದು ಅಪ್ಪ ಊರಿನಿಂದ ತಂದ ಪದ್ಧತಿ. ಹೋಟೆಲಿನಲ್ಲಿ ದಿನದ ಮೊದಲ ಇಡ್ಲಿ ಬೆಂದ ಕೂಡಲೇ ಎರಡನ್ನು ಬಾಳೆಲೆಗೆ ಹಾಕಿ ಬೀದಿಯ ಹಸುವಿಗೆ ಕೊಟ್ಟ ಮೇಲೆಯೇ ಗಿರಾಕಿಗಳಿಗೆ. ಎರಡು ಇಡ್ಲಿಯಿಂದ ಯಾವ ಹಸುವಿಗೂ ಏನೂ ಆಗುವುದಿಲ್ಲ.

"ಗೋಗ್ರಾಸ ಅಂದ್ರೆ ಎರಡು ಇಡ್ಲಿ ಪಪ್ಪ. ಇದು ಎರಡು ಪಾತ್ರೆ!"

"ಹೌದು ಮಾರಾಯ್ತಿ, ಇವತ್ತು ಸ್ವಲ್ಪ ಜಾಸ್ತಿ ಮಾಡಿಸಿದೆ. ನೀನೇ ಅಲ್ವಾ ಊರಿನವರನ್ನೆಲ್ಲ ಬೇಡ ಅಂತ ನಿಲ್ಲಿಸಿದ್ದು? ಹಬ್ಬದ ದಿನ ಅವು ಪಾಪ ಬರೀ ಹುಲ್ಲು ಮೆಲ್ಕೊಂಡು ಇರ್ಬೇಕಾ? ಅದೂ ನನ್ನ ಮಗಳ ದೆಸೆಯಿಂದ? ನನ್ನ ಮನಸ್ಸು ಒಪ್ಪಲಿಲ್ಲ."

ಸಂಧ್ಯಾ ಇಡೀ ಅಹಮದಾಬಾದನ್ನು ಗೇಟಿನಲ್ಲಿ ತಡೆದು ನಿಲ್ಲಿಸಿದ್ದಾಳೆ. ಹಿಂಬಾಗಿಲಿನಿಂದ ಸ್ವಂತ ಅಪ್ಪ!

"ಕಾಳು ಕೊಡಬೇಡಿ, ಕಾಳು ಕೊಡಬೇಡಿ ಅಂತ ಒಂದು ತಿಂಗಳಿಂದ ಮನೆಯಲ್ಲಿ ಬೊಬ್ಬೆ ಹೊಡೀತಾ ಇದ್ದೇನೆ. ನಿಮ್ಮ ಎದುರೇ ಅಲ್ವಾ ಹೇಳಿದ್ದು?"

"ಕಾಳು ಎಲ್ಲಿ ಕೊಟ್ಟೆ ನಾನು? ಘೂಘ್ರಿ ಕೊಟ್ಟೆನಾ? ಲಡ್ಡು ಕೊಟ್ಟೆನಾ? ಇಡ್ಲಿ! ಜ್ವರ ಬಂದವರಿಗೆ ಡಾಕ್ಟ್ರು ಎಂತ ತಿನ್ನಿ ಅಂತಾರೆ? ಇಡ್ಲಿ. ಇಡ್ಲಿ ತಿಂದು ಹೊಟ್ಟೆ ಕೆಟ್ಟವರನ್ನು ನನ್ನ ಜೀವಮಾನದಲ್ಲಿ ಕಂಡಿಲ್ಲ."

"ಇಡ್ಲಿ ಎಂತದರಲ್ಲಿ ಮಾಡೋದು ಪಪ್ಪ? ಅಕ್ಕಿಯಲ್ಲೋ ಹುಲ್ಲಲ್ಲೋ?"

ಸಂಧ್ಯಾ ವಾಘಜೀಯ ಕಡೆ ತಿರುಗಿ ಗುಜರಾತಿಯಲ್ಲಿ ಹಾರಿಬಿದ್ದಳು. "ನಿನಗೇನಾಗಿತ್ತು? ಯಾರನ್ನೂ ಬಿಡಬೇಡ ಅಂದಿರಲಿಲ್ಲವಾ?"

"ಯಾರನ್ನೂ ಬಿಟ್ಟಿಲ್ಲ ಡಾಕ್ಟರ್‌ಬೆನ್," ಎಂದು ಅವನು ಪೇಟ ಸರಿಮಾಡಿಕೊಂಡ. "ಇವರು ನಿಮ್ಮ ಬಾಪೂಜಿ. ನೀವೇ ಕಳಿಸಿದ್ದೀರಿ ಅಂದುಕೊಂಡೆ. ಸಂಶೋಧನೆಯ ಇಡ್ಲಿ ಇರಬಹುದು ಅಂತ."

ಸಂಶೋಧನೆಯ ಇಡ್ಲಿಯಂತೆ! ತಲೆ ಚಚ್ಚಿಕೊಳ್ಳಲು ಗೋಡೆ ಹತ್ತಿರದಲ್ಲೇ ಇತ್ತು. ಪುರುಸೊತ್ತು ಇರಲಿಲ್ಲ ಅಷ್ಟೆ.

"ಎಲ್ಲದಕ್ಕೂ ಸಮ ಹಂಚಿದ್ದೇನೆ," ಎಂದು ರಾಯರು ಸಣ್ಣ ದನಿಯಲ್ಲಿ ಸಮಜಾಯಿಷಿ ಕೊಟ್ಟರು. ಹಂಚಿದ್ದು ನಿಜ. ಆದರೆ ಕಾಬರಿ ಯಾರನ್ನು ತಿನ್ನಲು ಬಿಟ್ಟಾಳು? ಉಳಿದಿದ್ದ ಒಂದೇ ಕೊಂಬಿನಿಂದ ಎಲ್ಲವನ್ನೂ ತಿವಿದು ಓಡಿಸಿ, ಮುಕ್ಕಾಲು ಪಾಲನ್ನು ತಾನೇ ಮುಗಿಸಿದ್ದಳು. ಈಗ ಕೊಟ್ಟಿಗೆಯ ಮೂಲೆಯಲ್ಲಿ ತಲೆ ಜೋಲುಹಾಕಿ ನಿಂತಿದ್ದಳು. ಹೊಟ್ಟೆಯ ಎಡಮಗ್ಗುಲು ಉಬ್ಬಿತ್ತು. ಸಂಧ್ಯಾ ಕೈಯಿಟ್ಟು ತಳ್ಳಿದರೆ ಒಳಗೆ ನೀರು ಕುಲುಕಿದ ಸದ್ದು. ಮೆಲುಕು ನಿಂತುಹೋಗಿತ್ತು.

ಹುಳಿ ಮುರಿಯಬೇಕಾದರೆ ಸೋಡಾ ಬೇಕು, ಹಿಡಿಗಟ್ಟಲೆ ಬೇಕು. ಅವಳ ಪೆಟ್ಟಿಗೆಯಲ್ಲಿದ್ದದ್ದು ಒಂದು ಸಲಕ್ಕೆ ಮುಗಿಯಿತು. ಔಷಧಿ ಅಂಗಡಿಯವರು ಅಂಗಡಿ ಮುಚ್ಚಿ ತಾರಸಿ ಹತ್ತಿದ್ದರು. ಫೋನು ಎತ್ತಿದವನೊಬ್ಬ "ಪಟ ಕತ್ತರಿಸುತ್ತಾ ಇದ್ದೇನೆ ಬೆನ್, ಆಮೇಲೆ," ಎಂದು ಇಟ್ಟೇಬಿಟ್ಟ.

"ಪಪ್ಪ, ಹೋಟೆಲಲ್ಲಿ ಅಡಿಗೆ ಸೋಡಾ ಎಷ್ಟುಂಟು?"

"ಉಂಟು ಉಂಟು. ಇಡೀ ಚೀಲ ಉಂಟು. ಪ್ರವೀಣನಿಗೆ ಹೇಳ್ತೇನೆ." ಪ್ರವೀಣ ಎಂದರೆ ಸಂಧ್ಯಾಳ ಅಣ್ಣ, ಹೋಟೆಲಿನ ಗಲ್ಲಾದಲ್ಲಿ ಕೂರುವವನು. ಅವನು ಬೈಕಿನಲ್ಲಿ ಚೀಲ ತಂದು ಹಾಕಿ, ಅಪ್ಪನ ಮುಖವನ್ನೂ ತಂಗಿಯ ಮುಖವನ್ನೂ ನೋಡಿ, ಏನೂ ಕೇಳದೆ ವಾಪಸು ಹೋದ. ಬುದ್ಧಿವಂತ.

ಸಂಜೆಯ ತನಕ ಅದೇ ಕೆಲಸ. ಸಂಧ್ಯಾ ಕಾಬರಿಯ ಬಾಯಿಯಿಂದ ಕೊಳವೆ ಇಳಿಸಿ ಸೋಡಾ ನೀರು ಹಾಕುವುದು, ವಾಘಜೀ ಕೊಂಬು ಹಿಡಿಯುವುದು, ರಾಯರು ಅದರ ಕುತ್ತಿಗೆ ತಬ್ಬಿ ನಿಲ್ಲುವುದು. ಕುತ್ತಿಗೆ ನೇವರಿಸುತ್ತಲೇ ರಾಯರು ಗೊಣಗುತ್ತಿದ್ದರು. "ಇಡ್ಲಿಗೆ ಹೀಗಾಗ್ಲಿಕ್ಕಿಲ್ಲ ಮಗಾ. ಬೇರೆ ಎಂತದೋ ತಿಂದಿರ್ಬೇಕು. ಸರಿ ನೋಡು."

"ಪಪ್ಪ, ಪ್ಲೀಸ್. ಬಾಯಿ ಮುಚ್ಚಿ, ಗಟ್ಟಿ ಹಿಡ್ಕೊಳ್ಳಿ."

ಅಪ್ಪನಿಗೆ ಬಾಯಿ ಮುಚ್ಚಿ ಎಂದು ಅವಳು ಅಂದದ್ದು ಅದೇ ಮೊದಲು. ಅದಕ್ಕೂ ಅವಳಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಕತ್ತಲಾಗುವ ಹೊತ್ತಿಗೆ ಕಾಬರಿ ಮುಂಗಾಲು ಮಡಚಿ ಕೂತಳು, ಆಮೇಲೆ ಪಕ್ಕಕ್ಕೆ ಒರಗಿದಳು. ಮರುದಿನ ಬೆಳಗಾಗುವಾಗ ಜೀವ ಹೋಗಿತ್ತು.

ರಸಿಕ್‌ಭಾಯ್ ಶೇಠರು ಬಂದರು. ಬಿಳಿ ಬಟ್ಟೆ, ಕೈಯಲ್ಲಿ ಜಪಮಾಲೆ. ಕಾಬರಿಗೆ ಕೈಮುಗಿದು ಒಂದು ನಿಮಿಷ ಕಣ್ಣು ಮುಚ್ಚಿದರು. ಒಳ್ಳೆಯ ಮನುಷ್ಯ, ಆ ಮಾತಿಗೆ ಎರಡಿಲ್ಲ. ಒಳ್ಳೆಯವರ ಜೊತೆ ಜಗಳವಾಡುವಷ್ಟು ತಾಪತ್ರಯ ಇನ್ನೊಂದಿಲ್ಲ.

"ಆಯುಷ್ಯ ಮುಗಿದಿತ್ತು ಬೆನ್. ನೀವು ಪ್ರಯತ್ನ ಮಾಡಿದಿರಿ," ಎಂದರು. "ಆದರೆ ಗೇಟು ಮುಚ್ಚಿಯೂ ಹಸು ಸತ್ತಿತಲ್ಲ. ಹಾಗಾದರೆ ಕಾರಣ ಘೂಘ್ರಿ ಅಲ್ಲ ಅಂತಾಯಿತು. ಇವತ್ತು ವಾಸಿ ಉತ್ತರಾಯಣ, ಜನ ಮತ್ತೆ ಬರುತ್ತಾರೆ. ಗೇಟು ತೆಗೆಸುತ್ತೇನೆ."

"ಕಾರಣ ಕಾಳೇ, ಶೇಠ್‌ಜೀ. ಹಿಂಬಾಗಿಲಿನಿಂದ ಬಂತು." ಸಂಧ್ಯಾ ಅಪ್ಪನ ಕಡೆ ಕೈ ತೋರಿಸಿದಳು. "ನನ್ನ ತಂದೆ ಎರಡು ಪಾತ್ರೆ ಇಡ್ಲಿ ತಿನ್ನಿಸಿದ್ದಾರೆ."

ಶೇಠರು ಆಚೆ ನಿಂತಿದ್ದ ರಾಯರನ್ನು ನೋಡಿದರು. ಇಪ್ಪತ್ತು ವರ್ಷದ ಪರಿಚಯ, ಅವರ ಮನೆಯ ಮದುವೆಗಳಿಗೆಲ್ಲ ಬೆಳಗಿನ ತಿಂಡಿ ರಾಯರ ಹೋಟೆಲಿನದೇ. ನಕ್ಕೇಬಿಟ್ಟರು. "ದಾಮೋದರ್‌ಭಾಯಿಯ ಗೋಗ್ರಾಸದಿಂದ ಹಸು ಸಾಯುತ್ತದಾ? ಭಕ್ತಿಯಿಂದ ಕೊಟ್ಟದ್ದು ವಿಷವಾಗುತ್ತದಾ? ನಿಮ್ಮ ಯಂತ್ರ ಕೆಟ್ಟಿರಬೇಕು ಬೆನ್."

ಮುಗಿಯಿತಲ್ಲ! ನಿಜ ಹೇಳಲು ಇಡೀ ರಾತ್ರಿ ಮಾತು ಜೋಡಿಸಿಕೊಂಡು ಕೂತಿದ್ದಳು. ಹೇಳಿದರೆ ನಂಬುವವರೇ ಇಲ್ಲ.

"ಯಂತ್ರ ಬಿಡಿ. ಹೊಟ್ಟೆ ತೆಗೆದು ನೋಡೋಣ," ಎಂದು ಅವಳು ಕೈಗವಸು ಹಾಕಿಕೊಂಡಳು. ಸತ್ತ ಹಸುವಿನ ಪರೀಕ್ಷೆಗೆ ಟ್ರಸ್ಟು ಮೊದಲೇ ಒಪ್ಪಿತ್ತು. ಆದರೂ ಶೇಠರು ಮೂಗಿಗೆ ಕರವಸ್ತ್ರ ಹಿಡಿದು ಗೋಡೆಯ ಆಚೆ ಹೋಗಿ ನಿಂತರು. "ಪಪ್ಪ, ನೀವೂ ಆಚೆ ಹೋಗಿ."

ರಾಯರು ಹೋಗಲಿಲ್ಲ.

ಚಾಕು ಹೊಟ್ಟೆಯ ಪದರ ದಾಟಿದ ಕೂಡಲೇ ಬಿಳಿಯ ನೊರೆ ಉಕ್ಕಿ ಹೊರಬಂತು. ಅದರ ಹಿಂದೆ ವಾಸನೆ. ಸಂಧ್ಯಾಳಿಗೆ ಪರಿಚಯದ ವಾಸನೆಯೇ. ಆದರೆ ಅವಳಿಗಿಂತ ಮೊದಲು ಅದನ್ನು ಗುರುತಿಸಿದವರು ರಾಯರು. ಬಗ್ಗಿ ಮೂಸಿದರು. ಇನ್ನೊಮ್ಮೆ ಮೂಸಿದರು. ಮುಖದ ಬಣ್ಣವೇ ಹೋಯಿತು. ಇಡ್ಲಿಯ ಚೂರುಗಳು ಇನ್ನೂ ಚೂರುಗಳಾಗಿಯೇ ಇದ್ದವು. ಹುಲ್ಲು ಎಲ್ಲೋ ಒಂದೊಂದು ಎಸಳು.

"ಹಿಟ್ಟು," ಎಂದರು ರಾಯರು. "ಹುಳಿ ಬಂದು ಕೆಟ್ಟುಹೋದ ಹಿಟ್ಟು ಇದು."

ಮಗಳು ಚಾಕು ಕೆಳಗಿಟ್ಟಳು. ಹೇಳಬೇಕಾದದ್ದೆಲ್ಲ ಒಂದು ತಿಂಗಳಿಂದ ಹೇಳಿಯಾಗಿತ್ತು.

ರಾಯರು ಗೋಡೆಯಾಚೆ ಹೋಗಿ ಶೇಠರ ಎದುರು ನಿಂತರು. ಅವರ ಗುಜರಾತಿ ಗಲ್ಲಾದ ಗುಜರಾತಿ, ಗಿರಾಕಿಗೆ ಎಷ್ಟು ಬೇಕೋ ಅಷ್ಟೇ ಗೊತ್ತು. ಅಷ್ಟರಲ್ಲೇ ಹೇಳಿದರು. "ಶೇಠ್, ಸಂಜೆ ರುಬ್ಬಿಟ್ಟ ಹಿಟ್ಟು ನನ್ನ ಹೋಟೆಲಿನಲ್ಲಿ ಬೆಳಗಾಗುವಾಗ ಪಾತ್ರೆಯಿಂದ ಹೊರಗೆ ಬರುತ್ತದೆ. ಸೆಕೆ ಇದ್ದರೆ ಇನ್ನೂ ಬೇಗ. ಹಸುವಿನ ಹೊಟ್ಟೆ ಸೆಕೆಯೇ ಅಲ್ಲವಾ? ಅಲ್ಲಿ ಹಿಟ್ಟಿಗೆ ಹೊರಗೆ ಬರಲು ದಾರಿ ಇರಲಿಲ್ಲ. ಮಗಳು ಹೇಳಿದ್ದು ಸರಿ. ನಾನೇ ಕೊಂದದ್ದು."

"ಅರೇ, ಹಾಗನ್ನಬೇಡಿ ದಾಮೋದರ್‌ಭಾಯಿ. ನಿಮ್ಮ ಮನಸ್ಸು ಒಳ್ಳೆಯದಿತ್ತು."

"ಮನಸ್ಸು ಒಳ್ಳೆಯದೇ ಇತ್ತು ಶೇಠ್. ಅದರ ಹೊಟ್ಟೆಗೆ ಹೋದದ್ದು ಇಡ್ಲಿ."

ಶೇಠರು ಸಂಧ್ಯಾಳ ಕಡೆ ತಿರುಗಿ ಹೇಳಿದರು. "ಸರಿ, ನಾನು ನಂಬಿದೆ. ಆದರೆ ನಾನೊಬ್ಬ ನಂಬಿ ಏನಾಗಬೇಕು? ಹಸು ಸತ್ತ ಸುದ್ದಿ ಆಗಲೇ ಫೋನಿನ ಎಲ್ಲ ಗ್ರೂಪಿನಲ್ಲಿ ಓಡಾಡುತ್ತಿದೆ. ಗೇಟು ಮುಚ್ಚಿದ್ದಕ್ಕೇ ಸತ್ತಿತು, ಹಬ್ಬದ ದಿನ ಉಪವಾಸ ಕೆಡವಿದರು ಅನ್ನುತ್ತಿದ್ದಾರೆ. ಯಾರೋ ಒಬ್ಬರು ಇಡ್ಲಿ ಕೊಟ್ಟಿದ್ದರು ಅಂದರೆ ಕಥೆ ಕಟ್ಟಿದ್ದು ಅನ್ನುತ್ತಾರೆ. ಹೆಸರು ಹೇಳಿ ಅಂದರೆ ನಾನು ಯಾರ ಹೆಸರು ಹೇಳಲಿ?"

ಸಂಧ್ಯಾ ಲೆಕ್ಕ ಹಾಕಿದಳು. ಹೆಸರು ಹೇಳದಿದ್ದರೆ ಇವತ್ತೇ ಗೇಟು ತೆರೆಯುತ್ತದೆ, ಬರುವ ವರ್ಷ ಇನ್ನೆಷ್ಟೋ ಹಸು ಬೀಳುತ್ತವೆ. ಹೇಳಿದರೆ ಹೋಟೆಲಿನ ಗಿರಾಕಿಗಳೆಲ್ಲ ಯಾರು? ಇದೇ ಶೇಠರ ಜಾತಿ, ಇದೇ ಗ್ರೂಪಿನ ಜನ. ಗೋಹತ್ಯೆ ಮಾಡಿದವನ ಹೋಟೆಲು ಎಂದು ಒಬ್ಬ ಅಂದರೆ ಸಾಕು.

"ಶೇಠ್, ನಿಮ್ಮ ಫೋನು ಕೊಡಿ," ಎಂದರು ರಾಯರು.

"ಪಪ್ಪ, ಬೇಡ!"

"ಸುಮ್ನಿರು ಮಾರಾಯ್ತಿ. ಹೇಳಿದ್ರೆ ಯಾಕೆ ಕೇಳೋದಿಲ್ಲ ಅಂತ ನಿನ್ನೆಯಿಡೀ ನನ್ನ ಜೀವ ತಿಂದೆ. ಈಗ ಕೇಳ್ತೇನೆ ಅಂದ್ರೆ ಬೇಡ ಅಂತಿ. ನಿಂಗೆ ಎಂತ ಆಗ್ಬೇಕು ಸರಿಯಾಗಿ ಹೇಳು."

"ಹೋಟೆಲಿನ ಹೆಸರಾದ್ರೂ ಹೇಳ್ಬೇಡಿ. ಪ್ರವೀಣಣ್ಣ ಎಂತ ಮಾಡ್ಬೇಕು?"

"ಬರೀ ದಾಮೋದರ ಅಂದ್ರೆ ಯಾರಿಗೆ ಗೊತ್ತಾಗ್ತದೆ ಇಲ್ಲಿ?"

ಶೇಠರು ಗ್ರೂಪು ತೆರೆದು, ದನಿ ಮುದ್ರಿಸಲು ಫೋನು ಹಿಡಿದರು. ರಾಯರು ಗಂಟಲು ಸರಿಮಾಡಿಕೊಂಡು, ನವರಂಗಪುರದ ಹೋಟೆಲಿನ ಹೆಸರಿನಿಂದಲೇ ಶುರುಮಾಡಿದರು. ಹಸು ಉಪವಾಸದಿಂದ ಸತ್ತಿಲ್ಲ, ನಾನು ಕದ್ದು ಕೊಟ್ಟ ಇಡ್ಲಿಯಿಂದ ಸತ್ತಿದೆ, ಡಾಕ್ಟರ್‌ಬೆನ್ ನನ್ನ ಮಗಳು, ಬೇಡ ಎಂದು ಹೇಳಿದ್ದಳು, ನಾನು ಕೇಳಲಿಲ್ಲ, ನೀವು ಕೇಳಿ. ಇಷ್ಟೆ. ಕೊನೆಗೆ ಅಭ್ಯಾಸಬಲದಿಂದ "ಮತ್ತೆ ಬನ್ನಿ" ಎಂದುಬಿಟ್ಟು, ನಾಲಿಗೆ ಕಚ್ಚಿಕೊಂಡರು. ಶೇಠರು ಅದನ್ನು ಹಾಗೆಯೇ ಕಳಿಸಿದರು. ಕಳಿಸಿ, ಗೇಟು ಇವತ್ತೂ ಮುಚ್ಚಿರಲಿ, ಇನ್ನು ಮುಂದೆಯೂ, ಎಂದು ಹೇಳಿ ಹೊರಟರು.

ಸಂಧ್ಯಾ ಕೈ ತೊಳೆದು ಮುಂದಿನ ಗೇಟಿಗೆ ಬಂದಾಗ ರಾಯರೂ ಹಿಂದೆಯೇ ಬಂದರು. ಮೇಲೆ ಪಟಗಳು ಹಾರಾಡುತ್ತಿದ್ದವು. ಒಂದು ಸ್ಕೂಟರು ಬಂದು ನಿಂತಿತು. ವಯಸ್ಸಾದ ಹೆಂಗಸೊಬ್ಬಳು ಕ್ಯಾನು ಕೈಯಲ್ಲಿ ಹಿಡಿದು ಇಳಿದಳು. ರಾಯರ ಮುಖ ಅರಳಿತು. ಪ್ರತಿ ಭಾನುವಾರ ಗಂಡನ ಜೊತೆ ಬಂದು, ಕಿಟಕಿಯ ಪಕ್ಕದ ಮೇಜೇ ಬೇಕು ಎಂದು ಹಟ ಮಾಡಿ, ಮಸಾಲೆ ದೋಸೆ ತಿನ್ನುವ ಮೃದುಲಾಬೆನ್.

"ಕೇಮ್ ಛೋ, ಬೆನ್?" ಎಂದು ಕ್ಷೇಮ ಕೇಳುತ್ತ ರಾಯರು ಕೈಮುಗಿದರು.

ಹೆಂಗಸಿನ ಇನ್ನೊಂದು ಕೈಯಲ್ಲಿ ಫೋನಿತ್ತು. ಅದರಿಂದ ರಾಯರ ದನಿಯೇ ಬರುತ್ತಿತ್ತು, ಅರ್ಧಕ್ಕೆ ಬಂದಿತ್ತು. ಆಕೆ ನಿಂತಲ್ಲೇ ಕೊನೆಯ ತನಕ ಕೇಳಿದಳು. ಫೋನು ನೋಡಿದಳು, ರಾಯರನ್ನು ನೋಡಿದಳು. ಮುಗಿದ ಕೈಗೆ ಕೈ ಮುಗಿಯಲಿಲ್ಲ, ಕೇಮ್ ಛೋ ಎಂದದ್ದಕ್ಕೆ ಉತ್ತರವನ್ನೂ ಕೊಡಲಿಲ್ಲ. ಕ್ಯಾನನ್ನು ಸ್ಕೂಟರಿಗೆ ಮತ್ತೆ ಸಿಕ್ಕಿಸಿ, ತಿರುಗಿಸಿಕೊಂಡು ಹೋದಳು.

ರಾಯರ ಕೈ ಇನ್ನೂ ಮುಗಿದೇ ಇತ್ತು. ಸಂಧ್ಯಾಳಿಗೆ ಅಳು ಬಂತು. ಅಷ್ಟೇ ಸಿಟ್ಟೂ ಬಂತು. "ಎಷ್ಟು ಹೇಳಿದೆ ನಿಮಗೆ, ಹೋಟೆಲಿನ ಹೆಸರು ಹೇಳ್ಬೇಡಿ ಅಂತ!"

"ಕ್ಯಾನು ವಾಪಸು ತಕೊಂಡು ಹೋದಳಲ್ಲ," ಎಂದರು ರಾಯರು. "ನಿನ್ನೆ ನೀನು ಗಂಟಲು ಹರ್ಕೊಂಡ್ರೂ ಒಬ್ರಾದ್ರೂ ಜಗಳ ಮಾಡದೆ ಹೋಗಿದ್ರಾ?"

ಅಷ್ಟರಲ್ಲಿ ಇನ್ನೊಂದು ಸ್ಕೂಟರು ತಿರುವಿನಲ್ಲಿ ಕಂಡಿತು. ಹಿಂದೆ ಕ್ಯಾನು ನೇತಾಡುತ್ತಿತ್ತು. ಸಂಧ್ಯಾ ಮುಂದೆ ಹೋಗಲು ನೋಡಿದಳು. ರಾಯರು ಅವಳನ್ನು ಪಕ್ಕಕ್ಕೆ ಸರಿಸಿ, ತಾವೇ ಹೋಗಿ ಗೇಟಿನ ನಡುವೆ ನಿಂತರು.